ಷಿಕಾಗೊದಲ್ಲಿ ಬರಹಗಾರರ ಜಾಗ ಹುಡುಕುವುದು: ಪುಸ್ತಕದ ವಿಳಾಸದಿಂದ ಬೀದಿಯ ಬಾಗಿಲಿಗೆ

ಓದುಗಿ_ಮಲ್ಲೇಶ್ವರ

ಸೆಪ್ಟೆಂಬರ್ ಕೊನೆಗೆ ಓದುಗರ ಗುಂಪೊಂದು ಷಿಕಾಗೊಗೆ ಹೊರಟಿದೆ. ಆರು ಜನ, ಎರಡು ದಿನ. ಎತ್ತರದ ಕಟ್ಟಡ, ದೋಣಿ ವಿಹಾರ ಬೇಡ. ಆ ಊರಲ್ಲಿ ಬದುಕಿ, ಆ ಊರನ್ನೇ ಬರೆದವರ ಜಾಗಗಳನ್ನು ಬಸ್ಸು, ರೈಲು, ಕಾಲ್ನಡಿಗೆಯಲ್ಲೇ ನೋಡಬೇಕು. ಪಟ್ಟಿಯಲ್ಲಿ ಇರುವವರು: ಕಾರ್ಲ್ ಸ್ಯಾಂಡ್‌ಬರ್ಗ್, ರಿಚರ್ಡ್ ರೈಟ್, ಗ್ವೆಂಡೊಲಿನ್ ಬ್ರೂಕ್ಸ್, ಲೊರೇನ್ ಹ್ಯಾನ್ಸ್‌ಬೆರಿ, ನೆಲ್ಸನ್ ಆಲ್‌ಗ್ರೆನ್, ಸಾಲ್ ಬೆಲೊ. ನಮ್ಮ ಎ.ಕೆ. ರಾಮಾನುಜನ್ ಅಂತೂ ಇರಲೇಬೇಕು. ವಿಳಾಸಗಳು ಅಲ್ಲಲ್ಲಿ ಸಿಗುತ್ತವೆ, ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಬಲ್ಲವರು ತಿಳಿಸಿ. ದಯವಿಟ್ಟು ‘ಗೂಗಲ್ ಮಾಡಿ’ ಅನ್ನಬೇಡಿ, ಅದು ಆಗಿದೆ.

ನಕ್ಷೆಗಾರ

ಮೊದಲು ಮನೆ ನಂಬರಿನ ಲೆಕ್ಕ ಕಲಿಯಿರಿ. ಷಿಕಾಗೊದಲ್ಲಿ ಅದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಅದು ನಮ್ಮ ಕಡೆಯ ಡೋರ್ ನಂಬರಿನ ಹಾಗಲ್ಲ. ಇಲ್ಲಿ 14 ಆದಮೇಲೆ 112 ಬಂದು, ಪಕ್ಕದಲ್ಲೇ ‘ಹಳೇ ನಂ. 7’ ಅಂತ ಬರೆದಿರುತ್ತದೆ. ಅಲ್ಲಿ ನಂಬರೇ ಅಳತೆಪಟ್ಟಿ.

ಸ್ಟೇಟ್ ಬೀದಿ ಮತ್ತು ಮ್ಯಾಡಿಸನ್ ಬೀದಿ ಕೂಡುವ ಜಾಗ ಸೊನ್ನೆ. ಅಲ್ಲಿಂದ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ನಾಲ್ಕೂ ಕಡೆಗೆ ನಂಬರು ಏರುತ್ತದೆ. 800 ನಂಬರಿಗೆ ಒಂದು ಮೈಲಿ, ಅಂದರೆ ನೂರು ನಂಬರಿಗೆ 200 ಮೀಟರ್. ಉದಾಹರಣೆಗೆ ಸ್ಯಾಂಡ್‌ಬರ್ಗ್ ಬಾಡಿಗೆಗಿದ್ದ ಮನೆ 4646 ನಾರ್ತ್ ಹರ್ಮಿಟೇಜ್. 4646ನ್ನು 800ರಿಂದ ಭಾಗಿಸಿದರೆ ಮ್ಯಾಡಿಸನ್‌ನಿಂದ ಉತ್ತರಕ್ಕೆ 5.8 ಮೈಲಿ. ನಕ್ಷೆಯೇ ಬೇಡ.

ಒಂದೇ ಒಂದು ಕಡೆ ಈ ಲೆಕ್ಕ ತಪ್ಪುತ್ತದೆ. ದಕ್ಷಿಣದ ಮೊದಲ ಮೂರು ಮೈಲಿಗಳಲ್ಲಿ ಬೀದಿಗಳು ಒತ್ತೊತ್ತಾಗಿವೆ: ರೂಸ್‌ವೆಲ್ಟ್ ರಸ್ತೆಗೆ (1200) ಒಂದು ಮೈಲಿ, ಸರ್ಮಾಕ್‌ಗೆ (2200) ಎರಡು, 31ನೇ ಬೀದಿಗೆ ಮೂರು. 31 ದಾಟಿದ ಮೇಲೆ ಮತ್ತೆ 800ರ ಲೆಕ್ಕ: 39, 47, 55, 63, ಒಂದೊಂದೂ ಒಂದು ಮೈಲಿ.

ಬೀದಿಯ ಯಾವ ಮಗ್ಗುಲು ಅನ್ನುವುದನ್ನೂ ನಂಬರೇ ಹೇಳುತ್ತದೆ. ಸಮಸಂಖ್ಯೆ ಉತ್ತರ ಮತ್ತು ಪಶ್ಚಿಮದ ಮಗ್ಗುಲಿಗೆ, ಬೆಸಸಂಖ್ಯೆ ದಕ್ಷಿಣ ಮತ್ತು ಪೂರ್ವಕ್ಕೆ. ರೈಟ್ ಇದ್ದ 4831 ಸೌತ್ ವಿನ್ಸೆನ್ಸ್ ಪೂರ್ವದ ಮಗ್ಗುಲು, ಬ್ರೂಕ್ಸ್ ಇದ್ದ 7428 ಸೌತ್ ಎವನ್ಸ್ ಪಶ್ಚಿಮದ ಮಗ್ಗುಲು. ಎದುರು ಮನೆಯ ಫೋಟೊ ತೆಗೆದುಕೊಂಡು ಬರುವವರು ಎಷ್ಟೋ ಜನ.

ಇನ್ನೊಂದು ಮಾತು. ‘ಸೌತ್’, ‘ನಾರ್ತ್’ ಬಿಟ್ಟು ಬರೀ ‘4646 ಹರ್ಮಿಟೇಜ್’ ಅಂತ ಹಾಕಬೇಡಿ. ದಿಕ್ಕೇ ವಿಳಾಸದ ಅರ್ಧ ಭಾಗ. ದಿಕ್ಕು ತಪ್ಪಿದರೆ ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಇಳಿಯುತ್ತೀರಿ.

ಹಳೇಪ್ರತಿ

ನಕ್ಷೆಗಾರರು ಹೇಳಿದ್ದೆಲ್ಲ 1909ರ ಸೆಪ್ಟೆಂಬರ್ 1ರ ನಂತರದ ವಿಳಾಸಗಳಿಗೆ ಮಾತ್ರ ಸರಿ. ಅದಕ್ಕೂ ಮುಂಚೆ ಊರಿನ ಮೂರು ಭಾಗಗಳಿಗೆ ಬೇರೆ ಬೇರೆ ಎಣಿಕೆ ಇತ್ತು, ಎಷ್ಟೋ ಕಡೆ ನದಿಯಿಂದಲೇ ಶುರು. 1909ರಲ್ಲಿ ಎಲ್ಲವನ್ನೂ ಸ್ಟೇಟ್–ಮ್ಯಾಡಿಸನ್‌ಗೆ ಕಟ್ಟಿದರು. ಊರಿನ ನಡುವಿನ ಲೂಪ್ ಭಾಗ ಮಾತ್ರ ತಡವಾಗಿ, 1911ರಲ್ಲಿ ಬದಲಾಯಿತು.

ನಿಮ್ಮ ವಿಳಾಸಗಳು ತಾಳೆಯಾಗದೇ ಇರುವುದಕ್ಕೆ ಇದೇ ಕಾರಣ ಇರಬಹುದು. ಥಿಯೋಡರ್ ಡ್ರೈಸರ್ 1900ರಲ್ಲಿ ತಂದ ಮೊದಲ ಕಾದಂಬರಿ ನೋಡಿ. ಹಳ್ಳಿಯಿಂದ 1889ರಲ್ಲಿ ರೈಲಿನಲ್ಲಿ ಬರುವ ಹುಡುಗಿ ಸಹಪ್ರಯಾಣಿಕನಿಗೆ ಅಕ್ಕನ ಮನೆಯ ವಿಳಾಸ ಕೊಡುತ್ತಾಳೆ: 354 ವೆಸ್ಟ್ ವ್ಯಾನ್ ಬ್ಯೂರೆನ್. ಅದನ್ನು ಇವತ್ತಿನ ನಕ್ಷೆಗೆ ಹಾಕಿದರೆ ನದಿಯ ಪೂರ್ವ ದಂಡೆಗೆ, ವ್ಯಾಕರ್ ಡ್ರೈವ್ ಪಕ್ಕದ ಆಫೀಸುಗಳ ನಡುವೆ ತಂದು ನಿಲ್ಲಿಸುತ್ತದೆ. ಕಾದಂಬರಿಯ ಮನೆ ಇದ್ದದ್ದು ನದಿ ದಾಟಿ ಇನ್ನೂ ಪಶ್ಚಿಮಕ್ಕೆ, ಕೂಲಿಕಾರರ ಬಡಾವಣೆಯಲ್ಲಿ. ಆ ನದಿ ದಾಟುವುದರಲ್ಲೇ ಅವಳ ಕಥೆ ಇದೆ. ದಂಡೆ ತಪ್ಪಿದರೆ ಕಥೆಯೂ ತಪ್ಪುತ್ತದೆ.

ಪರಿವರ್ತನೆಗೆ ದಾರಿ ಹೀಗೆ:

ಪುಸ್ತಕದ ಇಸವಿಯಲ್ಲ, ಘಟನೆಯ ಇಸವಿ ನೋಡಿ. 1909ಕ್ಕಿಂತ ಹಿಂದಿನದಾದರೆ ನಗರಸಭೆ ಆಗ ಅಚ್ಚು ಹಾಕಿಸಿದ ಮರುನಂಬರಿನ ಪುಸ್ತಕದಲ್ಲಿ ಬೀದಿಯ ಹೆಸರು ಹುಡುಕಿ. ಹಳೆಯ ಸಂಖ್ಯೆಯ ಎದುರಿಗೇ ಹೊಸದು ಇರುತ್ತದೆ, ಸ್ಕ್ಯಾನ್ ಪ್ರತಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆಮೇಲೆ ಅದೇ ಕಾಲದ ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಯಲ್ಲಿ ತಾಳೆ ನೋಡಿ. ಅದರಲ್ಲಿ ಕಟ್ಟಡ ಇಟ್ಟಿಗೆಯದೋ ಮರದ್ದೋ ಎಂದು ಬಣ್ಣದಲ್ಲಿ, ಎಷ್ಟು ಅಂತಸ್ತು ಎಂದು ಅಂಕಿಯಲ್ಲಿ ಗುರುತು ಮಾಡಿರುತ್ತಾರೆ.

ಬೀದಿಯ ಹೆಸರು ಬದಲಾಗಿದ್ದರೆ ಇನ್ನೊಂದು ಕಂಟಕ. ರೋಬಿ ಬೀದಿ 1927ರಲ್ಲಿ ಡೇಮನ್ ಆಯಿತು. ಸೌತ್ ಪಾರ್ಕ್‌ವೇ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್ ಆಯಿತು. ರೈಟ್, ಬ್ರೂಕ್ಸ್ ಓದುವವರಿಗೆ ಇದು ಬೇಕೇ ಬೇಕು. ಕಂದು ಬಣ್ಣದ ಬೋರ್ಡುಗಳ ವಿಷಯದಲ್ಲೂ ಎಚ್ಚರ. ಅವು ಗೌರವಕ್ಕೆ ಇಟ್ಟ ಹೆಸರು ಮಾತ್ರ. ಬರಹಗಾರರ ಹೆಸರಿನವೂ ಉಂಟು, ಆದರೆ ಅಂಚೆ ವಿಳಾಸ ಹಸಿರು ಬೋರ್ಡಿನದ್ದೇ.

ಒಬ್ಬರು ಇಂಥ ಮನೆಯಲ್ಲಿ ನಿಜಕ್ಕೂ ಇದ್ದರೇ ಅನ್ನುವ ಅನುಮಾನ ಬಂದರೆ ಜನಗಣತಿ ಹಾಳೆ ನೋಡಿ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಬಿಡುತ್ತಾರೆ. 1950ರದ್ದು 2022ರಲ್ಲಿ ಬಂತು. ಹೆಸರಿನಿಂದ ಹುಡುಕಿದರೆ ಕೈಬರಹ ತಪ್ಪಾಗಿ ಓದಿದ ಕಡೆ ಸಿಗುವುದಿಲ್ಲ. ಬೀದಿ ಮತ್ತು ಅಡ್ಡಬೀದಿ ಕೊಟ್ಟು ಎಣಿಕೆ ವಲಯದ ಸಂಖ್ಯೆ ಪಡೆದು, ಆ ವಲಯದ ಹಾಳೆಗಳನ್ನು ಒಂದೊಂದಾಗಿ ತಿರುವಿ. ಮನೆ ನಂಬರು ಎಡ ಅಂಚಿನಲ್ಲಿ ಇರುತ್ತದೆ. ಡ್ರೈಸರ್ ಕಾಲಕ್ಕೆ ಈ ದಾರಿ ಇಲ್ಲ, 1890ರ ಗಣತಿ ಹಾಳೆಗಳು ಬೆಂಕಿಯಲ್ಲಿ ಹೋದವು.

ಸಿರಿ_ಧಾರವಾಡ

ಅಲ್ರೀ, ಎರಡು ದಿನ ನೋಡಾಕ ಹೊಂಟವರಿಗೆ ಜನಗಣತಿ ಹಾಳಿ ತಿರುವ್ರಿ ಅಂದ್ರ ಹೆಂಗ? ಅದು ಮನಿಯಾಗ ಕುಂತು ಮೊದಲ ಮಾಡೂ ಕೆಲಸ. ಯಾವ ರೈಲು, ಎಲ್ಲಿ ಇಳೀಬೇಕು ಅದನ್ನ ಹೇಳ್ರಿ ಯಾರರ.

ಬ್ರೌನ್‌ಲೈನ್

ಉತ್ತರ ಭಾಗದ್ದು ಬರೆಯುತ್ತೇನೆ. ಅದಕ್ಕೆ ಮುಂಚೆ ಎಲ್ಲರೂ ಬೀಳುವ ಒಂದು ಹಳ್ಳ ತೋರಿಸಿಬಿಡುತ್ತೇನೆ: ಅಲ್ಲಿ ನಿಲ್ದಾಣಕ್ಕೆ ಅಡ್ಡಬೀದಿಯ ಹೆಸರಿಡುತ್ತಾರೆ. ಆದ್ದರಿಂದ ‘ಡೇಮನ್’ ಹೆಸರಿನ ನಿಲ್ದಾಣ ನಾಲ್ಕಿವೆ: ಬ್ಲೂ, ಬ್ರೌನ್, ಪಿಂಕ್, ಗ್ರೀನ್ ರೈಲು ಲೈನುಗಳಲ್ಲಿ ಒಂದೊಂದು. ಗ್ರೀನ್ ಲೈನಿನದು 2024ರಲ್ಲಿ ಸೇರಿದ್ದು, ಹಳೆಯ ಕೈಪಿಡಿಗಳಲ್ಲಿ ಇರುವುದಿಲ್ಲ. ನಿಮಗೆ ಎರಡು ಡೇಮನ್ ಬೇಕು, ಅವೆರಡೂ ಬೇರೆ ಬೇರೆ ಲೈನಿನವು. ಬಣ್ಣ ಬರೆದುಕೊಳ್ಳದೆ ಹೆಸರು ಬರೆದುಕೊಂಡರೆ ಬೆಳಗ್ಗೆಯೇ ಒಂದು ಗಂಟೆ ಹೋಯಿತು.

ಸ್ಯಾಂಡ್‌ಬರ್ಗ್ ಮನೆಗೆ ಬ್ರೌನ್ ಲೈನಿನ ಡೇಮನ್. ಹರ್ಮಿಟೇಜ್ ಬೀದಿ 1732 ಪಶ್ಚಿಮ, ಡೇಮನ್ 2000 ಪಶ್ಚಿಮ. ವ್ಯತ್ಯಾಸ 268, ಅಂದರೆ ಪೂರ್ವಕ್ಕೆ ಅರ್ಧ ಕಿಲೋಮೀಟರ್ ನಡಿಗೆ. 1912ರಲ್ಲಿ ಊರಿಗೆ ಬಂದ ಸ್ಯಾಂಡ್‌ಬರ್ಗ್ ಇಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಊರಿನ ಹೆಸರನ್ನೇ ಇಟ್ಟ ಆ ಪದ್ಯ ಬರೆದದ್ದು ಇಲ್ಲೇ, ‘ಪೊಯೆಟ್ರಿ’ ಪತ್ರಿಕೆಯಲ್ಲಿ 1914ರ ಮಾರ್ಚ್‌ನಲ್ಲಿ ಬಂತು. ನೋಡಿದವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಹಂದಿ ಕಡಿಯುವವನ, ಹೆಗಲು ಅಗಲದವನ ಆ ಪದ್ಯ ಹುಟ್ಟಿದ್ದು ಮರಗಳ ನೆರಳಿನ, ಸದ್ದಿಲ್ಲದ ಬೀದಿಯಲ್ಲಿ. ಕಸಾಯಿಖಾನೆ ಅಲ್ಲಿಂದ ಹದಿನೇಳು ಕಿಲೋಮೀಟರ್ ದೂರ.

ಅಲ್ಲಿಂದ ಬ್ರೌನ್ ಲೈನಿನಲ್ಲೇ ವಾಪಸು ‘ಷಿಕಾಗೊ’ ನಿಲ್ದಾಣಕ್ಕೆ. ಇದೂ ಬೀದಿಯ ಹೆಸರು, ಬ್ರೌನ್, ಬ್ಲೂ, ರೆಡ್ ಮೂರರಲ್ಲೂ ಇದೆ. 61 ವೆಸ್ಟ್ ಸುಪೀರಿಯರ್‌ನಲ್ಲಿ ಪೊಯೆಟ್ರಿ ಫೌಂಡೇಶನ್ ಕಟ್ಟಡ. ಹ್ಯಾರಿಯೆಟ್ ಮನ್ರೊ 1912ರಲ್ಲಿ ಶುರು ಮಾಡಿದ ಪತ್ರಿಕೆಯ ಮನೆ, ಈ ಕಟ್ಟಡ ಮಾತ್ರ 2011ರದ್ದು. ಒಳಗಿನ ಗ್ರಂಥಾಲಯ ಬರೀ ಕಾವ್ಯದ್ದು, ಅಲ್ಲೇ ಕೂತು ಓದಬೇಕು. ಬಾಗಿಲು ತೆರೆಯುವ ದಿನಗಳು ಕಡಿಮೆ, ಹೋಗುವ ವಾರ ನೋಡಿಕೊಳ್ಳಿ.

ಆಲ್‌ಗ್ರೆನ್‌ಗೆ ಬ್ಲೂ ಲೈನಿನ ಡೇಮನ್. ನಾರ್ತ್ ಅವೆನ್ಯೂ (1600) ಕಡೆಯಿಂದ ದಕ್ಷಿಣಕ್ಕೆ ಎವರ್‌ಗ್ರೀನ್ ಅವೆನ್ಯೂವರೆಗೆ (1300ರ ಸುಮಾರು) ನಡೆದು ಎಡಕ್ಕೆ ತಿರುಗಿದರೆ 1958, ಮೂರನೇ ಮಹಡಿ. ಗೋಡೆಗೆ ಫಲಕವಿದೆ. ಅದನ್ನು ನೋಡಿ ‘ಹೆಸರಾಂತ ಕಾದಂಬರಿ ಬರೆದ ಮನೆ’ ಅಂತ ಶೀರ್ಷಿಕೆ ಹಾಕಬೇಡಿ. ಅವರು ಇಲ್ಲಿದ್ದದ್ದು 1959ರಿಂದ 1975. ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕಾದಂಬರಿ 1949ರದ್ದು. ಆಗ ಇದ್ದದ್ದು ವಬಾನ್ಸಿಯಾ ಅವೆನ್ಯೂನ ಸಣ್ಣ ಫ್ಲ್ಯಾಟಿನಲ್ಲಿ, 1947ರಲ್ಲಿ ಸಿಮೋನ್ ದ ಬೊವಾ ಬಂದು ಹೋದದ್ದೂ ಅಲ್ಲಿಗೇ. ಎಕ್ಸ್‌ಪ್ರೆಸ್‌ವೇ ಬಂದಾಗ ಅದನ್ನು ಕೆಡವಿದರು. ಫಲಕ ಇರುವ ಕಡೆ ಆ ಪುಸ್ತಕ ಹುಟ್ಟಲಿಲ್ಲ, ಪುಸ್ತಕ ಹುಟ್ಟಿದ ಕಡೆ ಈಗ ಗೋಡೆಯೇ ಇಲ್ಲ.

ಅಲ್ಲಿಂದ ಡಿವಿಷನ್ ಬೀದಿಯಲ್ಲಿ ಪೂರ್ವಕ್ಕೆ ನಡೆದರೆ ಡಿವಿಷನ್, ಮಿಲ್ವಾಕೀ, ಆಶ್‌ಲ್ಯಾಂಡ್ ಮೂರೂ ಕೂಡುವ ತ್ರಿಕೋನದಲ್ಲಿ ಅವರ ಹೆಸರಿನ ಕಾರಂಜಿ ಇದೆ. ಬ್ಲೂ ಲೈನಿನ ಡಿವಿಷನ್ ನಿಲ್ದಾಣ ಕಾಲ ಬುಡದಲ್ಲೇ.

ದಕ್ಷಿಣದಿಕ್ಕು

ದಕ್ಷಿಣ ಭಾಗಕ್ಕೆ ಒಂದು ಪೂರ್ತಿ ದಿನ ಇಡಿ. ಉತ್ತರ ಮುಗಿಸಿ ‘ಸಮಯ ಉಳಿದರೆ’ ಅಂತ ಇಟ್ಟುಕೊಂಡವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ನಿಮ್ಮ ಪಟ್ಟಿಯ ಗಟ್ಟಿ ಭಾಗ ಇರುವುದೇ ಇಲ್ಲಿ.

ಶುರು 47ನೇ ಬೀದಿಯಿಂದ. ಗ್ರೀನ್ ಲೈನಿನ 47. ರೆಡ್ ಲೈನಿನಲ್ಲೂ 47 ಇದೆ, ಅದು ಹೆದ್ದಾರಿಯ ನಡುವೆ, ಅಲ್ಲಿಳಿದರೆ ಅರ್ಧ ಮೈಲಿಗೂ ಹೆಚ್ಚು ಹಿಂದಕ್ಕೆ ನಡೆಯಬೇಕು. ಗ್ರೀನ್‌ನಿಂದ ಪಶ್ಚಿಮಕ್ಕೆ ಮಿಷಿಗನ್ ಅವೆನ್ಯೂ, 4801ರಲ್ಲಿ ಜಾರ್ಜ್ ಕ್ಲೀವ್‌ಲ್ಯಾಂಡ್ ಹಾಲ್ ಗ್ರಂಥಾಲಯ. 1932ರಲ್ಲಿ ತೆರೆದದ್ದು. ಮೊದಲ ಮುಖ್ಯಸ್ಥೆ ವಿವಿಯನ್ ಹಾರ್ಶ್. ಕಪ್ಪು ಜನರ ಇತಿಹಾಸ, ಸಾಹಿತ್ಯದ ಪುಸ್ತಕಗಳನ್ನು ಅವರು ಇಲ್ಲಿ ಒಂದೊಂದಾಗಿ ಸೇರಿಸಿದರು. ರೈಟ್, ಬ್ರೂಕ್ಸ್, ಲ್ಯಾಂಗ್‌ಸ್ಟನ್ ಹ್ಯೂಸ್, ಜೋರಾ ನೀಲ್ ಹರ್ಸ್ಟನ್ ಬಂದುಹೋಗುತ್ತಿದ್ದ ಜಾಗ. ಇದು ಇವತ್ತಿಗೂ ಸಾರ್ವಜನಿಕ ಗ್ರಂಥಾಲಯ, ಒಳಗೆ ಹೋಗಬಹುದು. ಆ ಸಂಗ್ರಹ ಮಾತ್ರ ಈಗ ಇಲ್ಲಿಲ್ಲ, 95ನೇ ಬೀದಿಯ ಹತ್ತಿರ ಹಾಲ್‌ಸ್ಟೆಡ್‌ನಲ್ಲಿರುವ ವುಡ್ಸನ್ ಗ್ರಂಥಾಲಯದಲ್ಲಿದೆ.

ಅಲ್ಲಿಂದ ಪೂರ್ವಕ್ಕೆ ನಡೆದರೆ 4831 ಸೌತ್ ವಿನ್ಸೆನ್ಸ್. ರೈಟ್ 1927ರಲ್ಲಿ ದಕ್ಷಿಣದ ರಾಜ್ಯಗಳಿಂದ ಬಂದು, ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾ, 1929ರಿಂದ 32ರವರೆಗೆ ಈ ಮನೆಯಲ್ಲಿದ್ದರು. ವಿನ್ಸೆನ್ಸ್ ಓರೆಯಾಗಿ ಓಡುವ ಬೀದಿ. ಅದಕ್ಕೇ ಅಡ್ಡಬೀದಿ ಎಣಿಸಿ ಪೂರ್ವ–ಪಶ್ಚಿಮದ ಲೆಕ್ಕ ಹಾಕಿದರೆ ತಪ್ಪುತ್ತದೆ. ದಕ್ಷಿಣದ ನಂಬರು ಮಾತ್ರ ನಂಬಿ.

ಬ್ರೂಕ್ಸ್‌ಗೆ 4 ನಂಬರಿನ ಕಾಟೇಜ್ ಗ್ರೋವ್ ಬಸ್ಸೇ ದಾರಿ. ಮೊದಲು 45ನೇ ಬೀದಿಯ ಹತ್ತಿರ ಇಳಿದು ಪೂರ್ವಕ್ಕೆ ಗ್ರೀನ್‌ವುಡ್‌ವರೆಗೆ ನಡೆಯಿರಿ. 4542ರಲ್ಲಿ ಅವರ ಹೆಸರಿನ ಪಾರ್ಕು, 2018ರ ಜೂನ್ 7ರಂದು ನಿಲ್ಲಿಸಿದ ಪ್ರತಿಮೆ. ಬದುಕಿದ್ದರೆ ಅಂದು ಅವರಿಗೆ 101. ಮತ್ತೆ ಅದೇ ಬಸ್ಸು ಹತ್ತಿ 75ನೇ ಬೀದಿ. ಲೆಕ್ಕ ಹಾಕಿ: 7428ರಲ್ಲಿ 4542 ಕಳೆದರೆ 2886, ಸುಮಾರು 5.8 ಕಿಲೋಮೀಟರ್. ಕಾಟೇಜ್ ಗ್ರೋವ್‌ನಿಂದ ಪಶ್ಚಿಮಕ್ಕೆ ಒಂದು ಬೀದಿ ದಾಟಿದರೆ ಎವನ್ಸ್. 1953ರಿಂದ 1994ರವರೆಗೆ ನಲವತ್ತೊಂದು ವರ್ಷ ಇದ್ದ ಮನೆ. 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಲೇಖಕಿ, ಸ್ಯಾಂಡ್‌ಬರ್ಗ್ ನಂತರ ಇಲಿನಾಯ್‌ನ ರಾಜ್ಯಕವಿ. ಮನೆ ಬಹಳ ಸಣ್ಣದು. ಒಳಗೆ ಪ್ರವೇಶವಿಲ್ಲ, ಖಾಸಗಿಯವರದ್ದು.

ಆ ಮನೆಗೆ ಬರುವ ಮುಂಚೆ ಅವರು ಇದ್ದದ್ದು ‘ಕಿಚನೆಟ್’ಗಳಲ್ಲಿ, ಬರೆದದ್ದೂ ಅವುಗಳ ಬಗ್ಗೆ. ನಮ್ಮವರು ಇದನ್ನು ‘ಅಡುಗೆಕೋಣೆ’ ಎಂದು ಅನುವಾದಿಸುತ್ತಾರೆ, ತಪ್ಪು. ನಮ್ಮ ವಠಾರ ನೆನೆದುಕೊಂಡರೆ ಹತ್ತಿರ ಬರುತ್ತೀರಿ: ಸಾಲು ಬಾಗಿಲು, ಎಲ್ಲರಿಗೂ ಒಂದೇ ಬಚ್ಚಲು, ಬಿಸಿನೀರು ಮುಗಿಯುವ ಮುಂಚೆ ಪಾಳಿ. ಆದರೆ ವಠಾರವನ್ನು ಮೊದಲೇ ವಠಾರವಾಗಿ ಕಟ್ಟುತ್ತಿದ್ದರು. ಕಿಚನೆಟ್ ಹಾಗಲ್ಲ. ಆರೇಳು ಕೋಣೆಯ ಒಂದು ದೊಡ್ಡ ಫ್ಲ್ಯಾಟನ್ನು ಮನೆಯೊಡೆಯ ಹಲಗೆ ಹೊಡೆದು ಕೋಣೆಗೊಂದು ಸಂಸಾರ ಮಾಡಿ, ಮೂಲೆಗೊಂದು ಗ್ಯಾಸ್ ಒಲೆ ಇಟ್ಟು, ಒಟ್ಟು ಬಾಡಿಗೆಯನ್ನು ಹಲವು ಪಟ್ಟು ಏರಿಸುತ್ತಿದ್ದ. ದಕ್ಷಿಣದ ರಾಜ್ಯಗಳಿಂದ ಜನ ಬರುತ್ತಲೇ ಇದ್ದರು, ಕಪ್ಪು ಜನರಿಗೆ ಮನೆ ಕೊಡುವ ಬಡಾವಣೆಗಳ ಗಡಿ ಮಾತ್ರ ಹಿಗ್ಗುತ್ತಿರಲಿಲ್ಲ. ಸುತ್ತಲಿನ ಬಿಳಿಯರ ಬಡಾವಣೆಗಳಲ್ಲಿ ಕರಾರುಪತ್ರ: ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೂ ಕೊಡಕೂಡದು.

ಇದಕ್ಕೇ ಕೊನೆಗೆ ಹ್ಯಾನ್ಸ್‌ಬೆರಿ ಮನೆ, 6140 ಸೌತ್ ರೋಡ್ಸ್. ಗ್ರೀನ್ ಲೈನ್ ಗಾರ್ಫೀಲ್ಡ್ ನಿಲ್ದಾಣದ ನಂತರ ಎರಡಾಗಿ ಸೀಳುತ್ತದೆ. ‘ಆಶ್‌ಲ್ಯಾಂಡ್/63’ ಅಂತ ಬೋರ್ಡಿದ್ದ ರೈಲು ಹತ್ತಿದರೆ ಬೇರೆ ಕಡೆ ಹೋಗುತ್ತೀರಿ. ‘ಕಾಟೇಜ್ ಗ್ರೋವ್’ ಬೋರ್ಡಿನದು ಹತ್ತಿ ಕಿಂಗ್ ಡ್ರೈವ್‌ನಲ್ಲಿ ಇಳಿಯಿರಿ. ಅಲ್ಲಿಂದ ನಡಿಗೆ 600 ಮೀಟರ್. 1937ರಲ್ಲಿ ಲೊರೇನ್‌ಳ ಅಪ್ಪ ಕರಾರು ಮೀರಿ ಈ ಮನೆ ಕೊಂಡರು. ಅವಳಿಗಾಗ ಏಳು ವರ್ಷ. ಜನ ಸೇರಿ ಕಲ್ಲು ತೂರಿದರು, ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1940ರಲ್ಲಿ ಅಪ್ಪ ಗೆದ್ದು, ಆ ಕರಾರುಗಳು ಕಾನೂನುಬಾಹಿರ ಎಂದು ತೀರ್ಪು ಬಂತು. ಅವಳ 1959ರ ನಾಟಕದ ಬೇರು ಇಲ್ಲಿದೆ.

ನಕ್ಷೆಗಾರ

ಕೊನೆಯ ಸಾಲು ತಿದ್ದಬೇಕು. ಹ್ಯಾನ್ಸ್‌ಬೆರಿ ವಿರುದ್ಧ ಲೀ ಕೇಸಿನಲ್ಲಿ ಕೋರ್ಟ್ ಕರಾರುಗಳನ್ನು ಕಾನೂನುಬಾಹಿರ ಎಂದಿಲ್ಲ. ಹಿಂದಿನ ಒಂದು ಮೊಕದ್ದಮೆಯಲ್ಲಿ ಹ್ಯಾನ್ಸ್‌ಬೆರಿಯವರು ಭಾಗಿಯೇ ಆಗಿರಲಿಲ್ಲ, ಆದ್ದರಿಂದ ಅದರ ತೀರ್ಪು ಅವರನ್ನು ಕಟ್ಟಿಹಾಕಲಾರದು, ಅಷ್ಟೇ. ಬೇಕಾದಷ್ಟು ಮಾಲೀಕರು ಸಹಿ ಹಾಕಿದ್ದರೆ ಮಾತ್ರ ಕರಾರು ಜಾರಿ ಎಂದಿತ್ತು. ಹಾಕಿದ್ದಾರೆ ಎಂದು ಆ ಹಳೇ ಕೇಸಿನಲ್ಲಿ ಎರಡೂ ಕಡೆಯವರು ಒಪ್ಪಿಬಿಟ್ಟಿದ್ದರು, ವಾಸ್ತವದಲ್ಲಿ ಹಾಕಿರಲಿಲ್ಲ. ಕರಾರುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಎಂದದ್ದು 1948ರಲ್ಲಿ, ಷೆಲ್ಲಿ ವಿರುದ್ಧ ಕ್ರೇಮರ್ ಕೇಸಿನಲ್ಲಿ. ಗುಂಪಿಗೆ ವಿವರಿಸುವಾಗ ಈ ಎಂಟು ವರ್ಷದ ಅಂತರ ಬಿಡಬೇಡಿ. ಬ್ರೂಕ್ಸ್‌ರ ಮೊದಲ ಸಂಕಲನ 1945ರದ್ದು, ಆ ಅಂತರದ ಒಳಗೇ ಬಂದದ್ದು.

ದಕ್ಷಿಣದಿಕ್ಕು

ಒಪ್ಪಿದೆ, ತಪ್ಪಾಗಿ ಬರೆದೆ. ಮೇಲಿನದ್ದನ್ನು ಅಳಿಸುವುದಿಲ್ಲ, ತಿದ್ದುಪಡಿ ಓದುವವರಿಗೆ ಗೊತ್ತಾಗಲಿ.

ವಿಜಯನಗರ_80

ಸೌತ್ ಸೈಡ್ ಅಂದರೆ ಗಲಾಟೆ ಜಾಗ ಅಲ್ಲವೇ? ಹೆಣ್ಣುಮಕ್ಕಳ ಗುಂಪಿಗೆ ಅದನ್ನು ಹೇಳುವುದು ಸರಿಯಾ?

ದಕ್ಷಿಣದಿಕ್ಕು

ಸೌತ್ ಸೈಡ್ ಅಂದರೆ ಊರಿನ ಅರ್ಧದಷ್ಟು. ವಿಶ್ವವಿದ್ಯಾಲಯವೂ ಅದರಲ್ಲೇ ಇದೆ, ಮ್ಯೂಸಿಯಂಗಳೂ ಅದರಲ್ಲೇ. ಹಗಲು ಹೋಗಿ, ಸಂಜೆಗೆ ಮುಂಚೆ ವಾಪಸು ಬನ್ನಿ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಇಳಿಯುವ ಮೊದಲೇ ನೋಡಿಕೊಳ್ಳಿ, ನಿಲ್ದಾಣದಲ್ಲಿ ಅರ್ಧ ಗಂಟೆ ಫೋನು ಹಿಡಿದು ನಿಲ್ಲಬೇಡಿ. ಮನೆಗಳ ಮುಂದೆ ಕಾಲುದಾರಿಯಲ್ಲೇ ನಿಲ್ಲಿ, ಮೆಟ್ಟಿಲು ಹತ್ತಬೇಡಿ. ‘ಲ್ಯಾಂಡ್‌ಮಾರ್ಕ್’ ಅಂದರೆ ಹೊರಗೋಡೆಗೆ ರಕ್ಷಣೆ ಅಷ್ಟೇ, ಬಾಗಿಲು ತಟ್ಟಲು ಪರವಾನಗಿಯಲ್ಲ. ಆರು ಜನ ಒಟ್ಟಿಗೆ ನಿಂತು ಪದ್ಯ ಓದಬೇಕೆಂದರೆ ಅದಕ್ಕೆ ಗ್ರೀನ್‌ವುಡ್‌ನ ಪಾರ್ಕಿದೆ.

ಹಳೇಪ್ರತಿ

ಇಲ್ಲದ ಕಟ್ಟಡಗಳನ್ನೂ ಪಟ್ಟಿಗೆ ಸೇರಿಸಿ ಎಂದು ಶಿಫಾರಸು. ಒಂದನ್ನಂತೂ ಬಿಡಬೇಡಿ: ಮೆಕ್ಕಾ ಫ್ಲ್ಯಾಟ್ಸ್. ಸ್ಟೇಟ್ ಬೀದಿ, 34ನೇ ಬೀದಿಯ ಹತ್ತಿರ. 1892ರಲ್ಲಿ ಉಳ್ಳವರಿಗೆಂದು ಕಟ್ಟಿದ್ದು, ಒಳಗೆ ಗಾಜಿನ ಸೂರಿನ ಎರಡು ಅಂಗಳ. ಕಾಲ ಕಳೆದಂತೆ ಸಂಸಾರಗಳು ಕಿಕ್ಕಿರಿದವು. ಹರೆಯದ ಬ್ರೂಕ್ಸ್ ತಾಯಿತ, ಮದ್ದು ಮಾರುವ ಒಬ್ಬ ‘ಆಧ್ಯಾತ್ಮಿಕ ಸಲಹೆಗಾರ’ನ ಹತ್ತಿರ ಈ ಕಟ್ಟಡದಲ್ಲೇ ಕೆಲಸ ಮಾಡಿದ್ದರು. 1952ರಲ್ಲಿ ಪಕ್ಕದ ತಾಂತ್ರಿಕ ವಿದ್ಯಾಲಯಕ್ಕಾಗಿ (ಐಐಟಿ, ಆದರೆ ಇಲಿನಾಯ್‌ನದು) ಕೆಡವಿದರು. 1956ರಲ್ಲಿ ಅದೇ ಜಾಗದಲ್ಲಿ ಎದ್ದದ್ದು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆಯ ಕ್ರೌನ್ ಹಾಲ್. ಅದಕ್ಕೆ ಕಂಬವಿಲ್ಲದ ಒಳಾಂಗಣ, ಸುತ್ತ ಗಾಜು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಲೋಕದೆಲ್ಲೆಡೆಯಿಂದ ಬಂದು ಅದನ್ನು ನೋಡುತ್ತಾರೆ. ಕೆಳಗೆ ಏನಿತ್ತೆಂದು ಬ್ರೂಕ್ಸ್ 1968ರ ನೀಳ್ಗವಿತೆಯಲ್ಲಿ ಬರೆದರು. 2018ರಲ್ಲಿ ಅಲ್ಲಿ ಅಗೆದಾಗ ಮೆಕ್ಕಾದ ನೆಲದ ಬಿಲ್ಲೆಗಳು ಸಿಕ್ಕವು.

ಗ್ರೀನ್ ಲೈನಿನ ‘35–ಬ್ರಾಂಜ್‌ವಿಲ್–ಐಐಟಿ’ಯಲ್ಲಿ ಇಳಿಯಿರಿ. ಅದು 47ಕ್ಕಿಂತ ಮುಂಚೆ ಬರುವ ನಿಲ್ದಾಣ, ದಾರಿಯಲ್ಲೇ.

ವಿಜಯನಗರ_80

ಹೆಮಿಂಗ್ವೇ ಯಾಕಿಲ್ಲ? ಷಿಕಾಗೊದವನೇ ಅಲ್ಲವೇ? ಅಪ್ಟನ್ ಸಿಂಕ್ಲೇರ್?

ಬ್ರೌನ್‌ಲೈನ್

ಹುಟ್ಟಿದ್ದು ಓಕ್ ಪಾರ್ಕ್‌ನಲ್ಲಿ, 1899ರ ಜುಲೈ 21. ಅದು ಬೇರೆ ಊರು, ನಂಬರೂ ಅದರದ್ದೇ, ಮೇಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ. 339 ನಾರ್ತ್ ಓಕ್ ಪಾರ್ಕ್ ಅವೆನ್ಯೂ, ಗ್ರೀನ್ ಲೈನಿನ ಓಕ್ ಪಾರ್ಕ್ ನಿಲ್ದಾಣ. ಬ್ಲೂ ಲೈನಿನಲ್ಲೂ ಓಕ್ ಪಾರ್ಕ್ ಇದೆ, ನೀವು ಊಹಿಸಿದಂತೆಯೇ. ಅರ್ಧ ದಿನ ಬೇಕು. ಎರಡು ದಿನದ ಗುಂಪಿಗೆ ಬೇಡ ಎನ್ನುತ್ತೇನೆ. ಅವರ ಬರಹದಲ್ಲಿ ಈ ಊರು ಇರುವುದು ಅಷ್ಟಕ್ಕಷ್ಟೇ.

ನಕ್ಷೆಗಾರ

ಸಿಂಕ್ಲೇರ್ ವಿಷಯ ಅದರ ತದ್ವಿರುದ್ಧ. ಊರಿನವರಲ್ಲ, 1904ರಲ್ಲಿ ಕಸಾಯಿಖಾನೆಗಳ ಕೇರಿಯಲ್ಲಿ ಏಳು ವಾರ ಇದ್ದವರು. ಆ ಏಳು ವಾರದ ಕಾದಂಬರಿ 1906ರ ಫೆಬ್ರವರಿಯಲ್ಲಿ ಪುಸ್ತಕವಾಯಿತು, ಜೂನ್ 30ಕ್ಕೆ ಮಾಂಸ ತಪಾಸಣೆಯ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಇನ್ನೊಂದು ಕಡೆ ರೈಟ್ ಹತ್ತು ವರ್ಷ ಇದ್ದು, 1937ರಲ್ಲಿ ಊರು ಬಿಟ್ಟು, ಷಿಕಾಗೊದ ಮಹಾಕಾದಂಬರಿಯನ್ನು ಬ್ರೂಕ್ಲಿನ್‌ನಲ್ಲಿ ಕೂತು ಬರೆದರು. ಬ್ರೂಕ್ಸ್ ಆರು ವಾರದ ಕೂಸಾಗಿ ಬಂದು 2000ದಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ. ಎಷ್ಟು ವರ್ಷ ಇದ್ದರು ಅನ್ನುವುದರಿಂದ ನಂಟು ಅಳೆಯಲು ಹೋದರೆ ಸಿಂಕ್ಲೇರ್ ಪಟ್ಟಿಯಲ್ಲೇ ಇರುವುದಿಲ್ಲ.

ನೋಡುವುದಿದ್ದರೆ: ಕಸಾಯಿಖಾನೆ 1971ರಲ್ಲಿ ಮುಚ್ಚಿತು. ಎಕ್ಸ್‌ಚೇಂಜ್ ಅವೆನ್ಯೂನಲ್ಲಿ ಸುಣ್ಣಕಲ್ಲಿನ ಹೆಬ್ಬಾಗಿಲು ಒಂದೇ ಉಳಿದಿದೆ, ಮೇಲೆ ಎತ್ತಿನ ತಲೆಯ ಕೆತ್ತನೆ. 8 ನಂಬರಿನ ಹಾಲ್‌ಸ್ಟೆಡ್ ಬಸ್ಸು, 41ನೇ ಬೀದಿ ದಾಟಿ ಇಳಿದು ಪಶ್ಚಿಮಕ್ಕೆ ಒಂದು ಬೀದಿ. ಹತ್ತು ನಿಮಿಷದ ಕೆಲಸ.

ಕುಂಟೋಬಿಲ್ಲೆ

ರಾಮಾನುಜನ್ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತೇನೆ.

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, 1960ರ ದಶಕದ ಆರಂಭದಿಂದ 1993ರ ಜುಲೈ 13ರಂದು ತೀರಿಕೊಳ್ಳುವವರೆಗೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ವಚನಗಳ ಇಂಗ್ಲಿಷ್ ಅನುವಾದ (1973) ಹೊರಬಂದದ್ದು ಅಲ್ಲಿದ್ದಾಗಲೇ, ‘ಸಂಸ್ಕಾರ’ದ ಅನುವಾದವೂ (1976) ಹಾಗೆಯೇ. ಕನ್ನಡದ ಮೂರು ಕವನ ಸಂಕಲನಗಳೂ ಅಲ್ಲಿದ್ದಾಗಿನವು: ‘ಹೊಕ್ಕುಳಲ್ಲಿ ಹೂವಿಲ್ಲ’ 1969, ‘ಮತ್ತು ಇತರ ಪದ್ಯಗಳು’ 1977, ‘ಕುಂಟೋಬಿಲ್ಲೆ’ 1990. ಅಂದರೆ ಕನ್ನಡದ ಒಬ್ಬ ಮುಖ್ಯ ಕವಿಯ ಸಂಕಲನಗಳಷ್ಟೂ ಬಂದದ್ದು ಕವಿ ಮಿಷಿಗನ್ ಸರೋವರದ ದಡದಲ್ಲಿದ್ದಾಗ. ನಮ್ಮ ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ.

ಅವರ ಮನೆ ಹುಡುಕಲು ಹೋಗಬೇಡಿ, ಅದಕ್ಕಿಂತ ಒಳ್ಳೆಯ ಜಾಗ ಅವರೇ ಬರೆದಿಟ್ಟಿದ್ದಾರೆ. ‘ಷಿಕಾಗೊ ಝೆನ್’ ಎಂಬ ಇಂಗ್ಲಿಷ್ ಪದ್ಯದಲ್ಲಿ 57ನೇ ಬೀದಿ ಮತ್ತು ಡಾರ್ಚೆಸ್ಟರ್ ಕೂಡುವಲ್ಲಿ ಸಿಗ್ನಲ್ ದೀಪ ಕಿತ್ತಳೆಗೆ ತಿರುಗುತ್ತದೆ, ನಡೆಯುತ್ತಿದ್ದವನು ಎಡವಿ ಕಾಡ್ಗಿಚ್ಚಿನ ಕಾಣ್ಕೆಯೊಳಗೆ ಬೀಳುತ್ತಾನೆ, ಅಲ್ಲಿಂದ ನೊರೆಗಟ್ಟಿದ ಹಿಮಾಲಯದ ನದಿಗೆ. ಅಡ್ಡಬೀದಿಯ ಹೆಸರು ಸಮೇತ! ನಕ್ಷೆಗಾರರ ಲೆಕ್ಕದಲ್ಲಿ ಅದು 5700 ದಕ್ಷಿಣ, 1400 ಪೂರ್ವ. ಮೆಟ್ರಾ ಎಲೆಕ್ಟ್ರಿಕ್ ರೈಲಿನ ‘55–56–57’ ನಿಲ್ದಾಣದಲ್ಲಿ 57ರ ಕಡೆಯಿಂದ ಹೊರಬಂದು ಪಶ್ಚಿಮಕ್ಕೆ ಐದು ನಿಮಿಷ. ಮೆಟ್ರಾ ಬೇರೆ ಸಂಸ್ಥೆಯ ರೈಲು, ಊರಿನ ರೈಲು–ಬಸ್ಸಿನ ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ, ಆ್ಯಪ್‌ನಲ್ಲಿ ಬೇರೆ ಟಿಕೆಟ್ ತೆಗೆಯಬೇಕು. ಅದು ಬೇಡವಾದರೆ ಲೂಪ್‌ನಿಂದ 6 ನಂಬರಿನ ಬಸ್ಸು.

57ರಲ್ಲೇ ಪಶ್ಚಿಮಕ್ಕೆ ಮುಂದುವರಿದರೆ 1100ರಲ್ಲಿ ರೀಗನ್‌ಸ್ಟೀನ್ ಗ್ರಂಥಾಲಯ. ರಾಮಾನುಜನ್ ಕಾಗದಪತ್ರಗಳು ಇಲ್ಲಿನ ವಿಶೇಷ ಸಂಗ್ರಹ ವಿಭಾಗದಲ್ಲಿವೆ. ಸುಮ್ಮನೆ ಹೋಗಿ ‘ತೋರಿಸಿ’ ಅಂದರೆ ಆಗುವುದಿಲ್ಲ. ಕ್ರಮ ಹೀಗಿದೆ. ಮೊದಲು ಸಂಗ್ರಹದ ವಿವರಪಟ್ಟಿಯನ್ನು ಆನ್‌ಲೈನ್‌ನಲ್ಲಿ ಓದಿ, ಬೇಕಾದ ಪೆಟ್ಟಿಗೆ ಮತ್ತು ಫೋಲ್ಡರ್ ಸಂಖ್ಯೆ ಗುರುತು ಹಾಕಿಕೊಳ್ಳಿ. ಬಳಕೆಗೆ ನಿರ್ಬಂಧ ಇರುವ ಪೆಟ್ಟಿಗೆಗಳಿದ್ದರೆ ಪಟ್ಟಿಯ ಆರಂಭದಲ್ಲೇ ಹೇಳಿರುತ್ತಾರೆ. ಆಮೇಲೆ ಖಾತೆ ತೆರೆದು ಕೋರಿಕೆ ಸಲ್ಲಿಸಿ. ಒಂದು ವಾರ ಮುಂಚೆ ಮಾಡಿದರೆ ನಿಶ್ಚಿಂತೆ. ಹೋಗುವ ದಿನ ಫೋಟೊ ಇರುವ ಗುರುತಿನ ಪತ್ರ, ಪಾಸ್‌ಪೋರ್ಟ್ ಸಾಕು. ಚೀಲ ಲಾಕರ್‌ಗೆ. ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಒಮ್ಮೆಗೆ ಒಂದೇ ಫೋಲ್ಡರ್, ಹಾಳೆಗಳ ಕ್ರಮ ಕದಡಬಾರದು. ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬಹುದು, ಅಚ್ಚು ಹಾಕಿಸಲು ಬೇರೆ ಅನುಮತಿ ಬೇಕು.

ಹೆಚ್ಚಿನವರು ಎಡವುವುದು ಒಂದು ಕಡೆ: ‘ಎಲ್ಲ ಕನ್ನಡ ಹಸ್ತಪ್ರತಿ’ ಅಂತ ಹತ್ತು ಪೆಟ್ಟಿಗೆ ಕೇಳುವುದು. ಮೂರು ಗಂಟೆಯಲ್ಲಿ ಎರಡು ಪೆಟ್ಟಿಗೆ ನೋಡಿದರೆ ಹೆಚ್ಚು. ಒಂದು ಪದ್ಯದ ಕರಡುಗಳನ್ನು ಆರಿಸಿಕೊಳ್ಳಿ, ಅಚ್ಚಾದ ಪ್ರತಿಯನ್ನು ಜೊತೆಗೆ ಇಟ್ಟುಕೊಂಡು ಸಾಲು ಸಾಲು ಹೋಲಿಸಿ.

ಬೆಲೊಗೂ ಪ್ರತ್ಯೇಕ ಪ್ರಯಾಣ ಬೇಡ. 1976ರ ನೊಬೆಲ್ ವಿಜೇತ, 1993ರವರೆಗೆ ಇದೇ ವಿಶ್ವವಿದ್ಯಾಲಯದ ‘ಕಮಿಟಿ ಆನ್ ಸೋಷಿಯಲ್ ಥಾಟ್’ನಲ್ಲಿದ್ದರು. ರಾಮಾನುಜನ್ ಅವರೂ ಅದರ ಸದಸ್ಯರು. 59ನೇ ಬೀದಿಯ ಫಾಸ್ಟರ್ ಹಾಲ್ ನೋಡಿದರೆ ಇಬ್ಬರ ಲೆಕ್ಕವೂ ಚುಕ್ತಾ.

ಸಿರಿ_ಧಾರವಾಡ

‘ಹೊಕ್ಕುಳಲ್ಲಿ ಹೂವಿಲ್ಲ’ ಅಚ್ಚಾಗಿದ್ದು ನಮ್ಮ ಧಾರವಾಡದಾಗ್ರಿ, ಮನೋಹರ ಗ್ರಂಥಮಾಲೆಯಿಂದ. ಅದನ್ನೂ ಬರ್ಕೊಳ್ರಿ.

ಇನ್ನೊಂದು. ರೀಗನ್‌ಸ್ಟೀನ್‌ನಾಗ ಕನ್ನಡ ಪುಸ್ತಕ ಅಷ್ಟು ಹೆಂಗ ಬಂದ್ವು ಅಂತ ಕೇಳಿದ್ರ, ಉತ್ತರ ಗೋಧಿ! ಅಮೆರಿಕದಿಂದ ಬರತಿದ್ದ ಪಿ.ಎಲ್. 480 ಗೋಧಿ ಹಿರಿಯರಿಗೆ ನೆನಪೈತಿ. ಆ ಗೋಧಿಗೆ ಭಾರತ ರೂಪಾಯಿದಾಗ ರೊಕ್ಕ ಕೊಡತಿತ್ತು, ಆ ರೂಪಾಯಿ ಇಲ್ಲೇ ಖರ್ಚು ಮಾಡಬೇಕಿತ್ತು. 1962ರಿಂದ ಅದರಾಗ ಒಂದಿಷ್ಟು ರೊಕ್ಕಕ್ಕ ದಿಲ್ಲಿಯಾಗಿನ ಅಮೆರಿಕದವರ ಕಚೇರಿ ಭಾರತದ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಗ್ರಂಥಾಲಯಗಳಿಗೆ ಕಳಿಸ್ತು, ಷಿಕಾಗೊ ಅದರಾಗ ಒಂದು. ಹಂಗಾಗಿ ಇಲ್ಲಿ ಸಿಗಲಾರದ ಅರವತ್ತು–ಎಪ್ಪತ್ತರ ದಶಕದ ಕನ್ನಡ ಪುಸ್ತಕ ಅಲ್ಲಿ ಕಪಾಟಿನ್ಯಾಗ ಇರ್ತಾವ. ಹೋಗೂ ಮುಂಚೆ ಕ್ಯಾಟಲಾಗ್ ಹುಡುಕ್ರಿ. ಕನ್ನಡ ಲಿಪಿದಾಗ ಸಿಗದಿದ್ರ ರೋಮನ್ ಲಿಪಿದಾಗ ಹಾಕ್ರಿ, ಹಳೇ ನಮೂದು ಎಷ್ಟೋ ರೋಮನ್ನಿನಾಗ ಅದಾವ.

ಓದುಗಿ_ಮಲ್ಲೇಶ್ವರ

ಎಲ್ಲರಿಗೂ ಧನ್ಯವಾದ. ಹೀಗೆ ಜೋಡಿಸಿದರೆ ಸರಿಯೇ?

ಶನಿವಾರ: ಬ್ರೌನ್ ಲೈನ್ ಡೇಮನ್ (ಸ್ಯಾಂಡ್‌ಬರ್ಗ್), ಪೊಯೆಟ್ರಿ ಫೌಂಡೇಶನ್, ಬ್ಲೂ ಲೈನ್ ಡೇಮನ್ (ಆಲ್‌ಗ್ರೆನ್), ಸಂಜೆ ಮೆಟ್ರಾದಲ್ಲಿ 57ನೇ ಬೀದಿ, ಗ್ರಂಥಾಲಯ.
ಭಾನುವಾರ: ಗ್ರೀನ್ ಲೈನ್ 35 (ಮೆಕ್ಕಾ), 47 (ಹಾಲ್ ಗ್ರಂಥಾಲಯ, ರೈಟ್), 4 ನಂಬರ್ ಬಸ್ಸು (ಬ್ರೂಕ್ಸ್), ಕಿಂಗ್ ಡ್ರೈವ್ (ಹ್ಯಾನ್ಸ್‌ಬೆರಿ).

ಕುಂಟೋಬಿಲ್ಲೆ

ಶನಿವಾರ ಸಂಜೆ ಗ್ರಂಥಾಲಯ ಆಗುವುದಿಲ್ಲ. ವಿಶೇಷ ಸಂಗ್ರಹದ ಓದುಕೋಣೆ ವಾರದ ದಿನಗಳ ಹಗಲಿನ ಲೆಕ್ಕದ್ದು. ಸೆಪ್ಟೆಂಬರ್ ಕೊನೆ ಬೇರೆ, ತರಗತಿಗಳು ಶುರುವಾಗುವ ಮುಂಚಿನ ರಜೆಯಲ್ಲಿ ವೇಳೆ ಇನ್ನೂ ಮೊಟಕು. ಶುಕ್ರವಾರ, ಶನಿವಾರ ಮಾಡಿಕೊಳ್ಳಿ. ಶುಕ್ರವಾರ ಬೆಳಗ್ಗೆ ಮೊದಲು 57ನೇ ಬೀದಿ, ಮಧ್ಯಾಹ್ನದವರೆಗೆ ಪೆಟ್ಟಿಗೆಗಳು, ಆಮೇಲೆ ಉತ್ತರಕ್ಕೆ. ಪೊಯೆಟ್ರಿ ಫೌಂಡೇಶನ್‌ಗೆ ಮೊದಲು ಹೋಗಿ, ಮನೆಗಳನ್ನು ಬಾಗಿಲು ಹಾಕಿದ ಮೇಲೂ ನೋಡಬಹುದು.

ದಕ್ಷಿಣದಿಕ್ಕು

ಶನಿವಾರದ ಕ್ರಮದಲ್ಲೂ ಒಂದು ಬದಲಾವಣೆ. ಬ್ರೂಕ್ಸ್ ಮನೆ 75ರಲ್ಲಿ, ಹ್ಯಾನ್ಸ್‌ಬೆರಿ 61ರಲ್ಲಿ. 75 ಮುಗಿಸಿ ಅದೇ 4 ನಂಬರಿನ ಬಸ್ಸಿನಲ್ಲಿ ಉತ್ತರಕ್ಕೆ 63ಕ್ಕೆ ಬನ್ನಿ. ಪಶ್ಚಿಮಕ್ಕೆ ನಡೆದು ರೋಡ್ಸ್ ನೋಡಿ, ಕಿಂಗ್ ಡ್ರೈವ್‌ನಲ್ಲಿ ಗ್ರೀನ್ ಲೈನ್ ಹತ್ತಿದರೆ ನೇರ ಲೂಪ್. ವಾಪಸಾಗುವಾಗ ಸೀಳಿನ ಗೊಂದಲವಿಲ್ಲ, ಎರಡೂ ಕವಲಿನ ರೈಲು ಲೂಪ್‌ಗೇ ಬರುತ್ತದೆ.